ಕೌದಿಯ ಬಾಯಿ ಮುಚ್ಚಿದವರು

"ಈ ಕೌದಿ ನಮ್ಮ ಸ್ನೇಹಲ್ ತಗದದ್ದಲ್ಲ, ತಮ್ಮಾ."

ನಾನಿನ್ನೂ ಹೊಸ್ತಿಲಲ್ಲಿ ಎರಡನೇ ಕಾಲಿನ ಚಪ್ಪಲಿ ಬಿಡುತ್ತಿದ್ದೆ. ಮುದಕವ್ವಜ್ಜಿ ಗೋಡೆಗೆ ಒರಗಿ ಕೂತು, ಆ ವಾರದ 'ಸಿಡಿಲವ್ವ'ದ ಕೊನೆಯ ಪುಟವನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಎಪ್ಪತ್ತೆಂಟರ ಮುದುಕಿ, ಅಕ್ಷರ ಒಂದೂ ಬರುವುದಿಲ್ಲ. ಆದರೆ ಮೊಮ್ಮಗಳು ಬರೆಯುವ ಕಾಮಿಕ್ಸನ್ನು ತೊಂಬತ್ತಮೂರು ವಾರಗಳಿಂದ ಒಂದೂ ಬಿಡದೆ ನೋಡುತ್ತ ಬಂದಿದ್ದಾಳೆ.

"ಯಾಕ ಅಜ್ಜಿ, ಏನಾಗೇತಿ?"

"ಬಾಯಿ ಮುಚ್ಚೇತಿ."

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿದವನಂತೆ ನಟಿಸುವ ಚಟವನ್ನು ನಿವೃತ್ತಿಯ ದಿನ ಠಾಣೆಯಲ್ಲೇ ಬಿಟ್ಟು ಬಂದಿದ್ದೇನೆ. ಹಾಗಾಗಿ ತೆಪ್ಪಗೆ ಅಜ್ಜಿಯ ಎದುರು ಕೂತೆ.

ಸ್ನೇಹಲ್ ಕಾಣೆಯಾಗಿ ಅಂದಿಗೆ ಆರು ದಿನ. ಸೋಮವಾರ ಮಧ್ಯಾಹ್ನ ಆ ವಾರದ ಎಂಟು ಪುಟಗಳಲ್ಲಿ ಏಳನ್ನು ಮುಗಿಸಿ, ಚೀಲಕ್ಕೆ ಹಾಕಿಕೊಂಡು ಸ್ಕೂಟಿ ಹತ್ತಿ ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಗೆ ಹೊರಟವಳು ತಲುಪಲೇ ಇಲ್ಲ. ಸ್ಕೂಟಿ ನವನಗರದ ಹತ್ತಿರ ರಸ್ತೆಯ ಬದಿಗೆ ಬೀಗ ಹಾಕಿ ನಿಂತಿತ್ತು. ಠಾಣೆಯವರು ಎರಡು ದಿನ ಓಡಾಡಿದರು. ಶುಕ್ರವಾರ ಬೆಳಿಗ್ಗೆ ಎಂಟೂ ಪುಟ ಹುಬ್ಬಳ್ಳಿಯ ಪ್ರೆಸ್ಸಿನ ಬಾಗಿಲಿಗೆ ಬಂದು ಬಿದ್ದದ್ದೇ ತಡ, "ಪುಟ ಬರಾಕತ್ತಾವಂದ್ರ ಹುಡುಗಿ ಆರಾಮ ಅದಾಳ, ಸಿಟ್ಟಾಗಿ ಎಲ್ಲೋ ಕುಂತಿರಬೇಕು" ಎಂದು ಕೈ ತೊಳೆದುಕೊಂಡರು.

ಮೂವತ್ತಾರು ವರ್ಷ ಅದೇ ಖಾಕಿ ಹಾಕಿದವನು ನಾನು. ಹೆಡ್ ಕಾನ್‌ಸ್ಟೆಬಲ್ ಮೈಲಾರಲಿಂಗಪ್ಪ ಎಂದರೆ ಈಗಲೂ ಕೆಲವರು ಸೈಕಲ್ಲಿಂದ ಇಳಿಯುತ್ತಾರೆ. ಕೈ ತೊಳೆದುಕೊಳ್ಳುವ ಕೆಲಸ ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಅದನ್ನು ಕಂಡರೆ ನನಗೆ ಮೈಯುರಿ.

'ಸಿಡಿಲವ್ವ' ನೋಡದವರಿಗೆ ಒಂದು ಮಾತು. ಅದರಲ್ಲಿ ಇರುವುದು ನಮ್ಮ ಹುಬ್ಬಳ್ಳಿ-ಧಾರವಾಡವೇ, ಇಸವಿ 2091. ಆದರೆ ಅದು ನಾವು ಹೋಗಿ ಮುಟ್ಟುವ 2091 ಅಲ್ಲ, ನಡುವೆಲ್ಲೋ ದಾರಿ ತಪ್ಪಿದ ಕಾಲ. ಒಂದು ಕಂಪನಿ ಉಣಕಲ್ ಕೆರೆಯಿಂದ ಕೆಲಗೇರಿ ಕೆರೆಯ ತನಕ ಆಕಾಶಕ್ಕೆ ತಗಡು ಹೊದಿಸಿ, ಮಳೆಯನ್ನು ಚೀಟಿ ಕೊಟ್ಟು ಹಂಚುತ್ತದೆ. ಸಿಡಿಲವ್ವ ಎಂಬ ಹೊಲಿಗೆಯವಳು ಬೆನ್ನಿಗೆ ಬಟ್ಟೆತುಂಡುಗಳ ಕೌದಿ ಕಟ್ಟಿಕೊಂಡು ತಗಡಿನ ಮೇಲಕ್ಕೆ ಹಾರುತ್ತಾಳೆ, ಸಿಡಿಲನ್ನು ಕೌದಿಯಲ್ಲಿ ಹಿಡಿದು ಆ ತಗಡನ್ನೇ ಹರಿಯುತ್ತಾಳೆ. ಅವಳು ಕಾಪಾಡಿದವರು ತಮ್ಮ ಬಟ್ಟೆಯ ಒಂದು ತುಂಡು ಕೊಡುತ್ತಾರೆ. ತುಂಡು ಸೇರಿದಷ್ಟೂ ಕೌದಿಗೆ ಬಲ.

ಬುಧವಾರ ಹುಡುಗಿಯನ್ನು ಹುಡುಕುವ ಈ ಕೆಲಸ ಹಿಡಿದಾಗ ನಾನು ನಕ್ಕಿದ್ದೆ. ಗುರುವಾರ ರಾತ್ರಿ ಹಳೆಯ ಸಂಚಿಕೆಗಳನ್ನು ಓದುತ್ತ ಊಟಕ್ಕೆ ಏಳಲಿಲ್ಲ. ನಗು ಅಲ್ಲಿಗೆ ನಿಂತಿತು.

"ಅಜ್ಜಿ, ಯಾವ ಬಾಯಿ? ಬಿಡಿಸಿ ಹೇಳು."

ಅಜ್ಜಿ ಸೊಂಟದ ಕೀಲಿಯಿಂದ ಟ್ರಂಕು ತೆಗೆದು, ತಾನು ಹೊಲಿಯುತ್ತಿರುವ ಕೌದಿಯನ್ನು ನೆಲಕ್ಕೆ ಹಾಸಿದಳು. ಸಿಡಿಲವ್ವನ ಬೆನ್ನಿಗಿರುವುದು ಇದೇ ಕೌದಿ. ಇಳಕಲ್ ಸೀರೆಯ ತುಂಡು, ಯಾರದೋ ಲಂಗ, ಸಾಲಿ ಹುಡುಗರ ನೀಲಿ ಚಡ್ಡಿ, ಎಲ್ಲ ಸಾಲಾಗಿ ಕೂತಿದ್ದವು. ನಡುವೆ ಮಾತ್ರ ಗೇಣಗಲ ಹೊಲಿಗೆ ಬಿಟ್ಟ ಸಂದಿ.

"ಇದು ಬಾಯಿ," ಎಂದಳು. "ಬುಧವಾರ ಸಂಜಿಕೆ ಹೊಸಾ ಅರಿವಿ ತುಂಡು ಬಾಯಾಗ ಇಡ್ತೇನಿ, ಸೋಮವಾರ ಹೊಲೀತೇನಿ. ಕೌದಿ ಮುಗಿಯೂ ದಿನ ಬಾಯಿಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚೂದು. ಹೊದ್ಕೊಂಡವ್ರು ಹಸ್ತು ಮಲಗಬಾರ್ದು ಅಂತ. ಅಲ್ಲೀತನಾ ಮುಚ್ಚಂಗಿಲ್ಲ."

"ಸ್ನೇಹಲ್?"

"ಅಕಿ ಏಳು ಪುಟ ಮೊದ್ಲ ಮಾಡಿ, ಕಡೀದು ಬುಧವಾರ ಈ ಬಾಯಿ ನೋಡಿ ತಗೀತಾಳ. ಬಾಯಾಗ ಆ ವಾರದ ಅರಿವಿ ಇರಬೇಕು. ಬಾಯಿ ಮುಚ್ಚಿದ್ರ ಸಿಡಿಲವ್ವಂದು ಮುಗೀತು, ಅಕಿ ಎಲ್ಲಾರ್ಹಂಗ ಆಗ್ತಾಳ. ನೂರನೇ ವಾರಕ್ಕ ಮುಚ್ಚೂದಿತ್ತು. ನನಗಷ್ಟ ಹೇಳಿದ್ಳು, ಕತ್ಯಾಗ ಎಲ್ಲೂ ಬರದಿಲ್ಲ."

ನಾನು ಹಿಂದಿನ ವಾರದ ಸಂಚಿಕೆ ತೆಗೆದು ಪಕ್ಕಕ್ಕಿಟ್ಟೆ. ಹೌದು, ಕೊನೆಯ ಪುಟದಲ್ಲಿ ಸಿಡಿಲವ್ವನ ಕೌದಿಯ ನಡುವೆ ತೆರೆದ ಸಂದಿ, ಅದರೊಳಗೆ ಹೂವಿನ ಚೀಟಿಬಟ್ಟೆ. ಅದರ ಹಿಂದಿನ ವಾರವೂ ಹಾಗೇ. ಈ ವಾರದ್ದರಲ್ಲಿ ಸಂದಿಯ ಸುತ್ತ ಗಟ್ಟಿ ಕಪ್ಪು ಗೆರೆ ಬಂದು ಕೂಡಿಕೊಂಡಿತ್ತು. ಒಳಗೆ ಏನೂ ಇಲ್ಲ.

"ಈ ವಾರದ ಅರಿವಿ ಯಾವುದು ಅಜ್ಜಿ?"

"ಮರತೇನು? ನಿಂದ."

ಮರೆತಿರಲಿಲ್ಲ. ಬುಧವಾರ ಸಂಜೆ ನನ್ನನ್ನು ಈ ಮನೆಗೆ ಕರೆತಂದವನು ಸ್ನೇಹಲ್‌ಳ ಅಣ್ಣ ಅಂಬರೀಷ. ಸಪ್ತಾಪುರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಾನೆ, ಮೂವತ್ತೈದರ ಸಭ್ಯ ಮನುಷ್ಯ. ನನ್ನ ಸಂಬಳದ ಮಾತು ಅವನದು. ಅಜ್ಜಿ ಮಾತ್ರ, "ಕೆಲಸ ಹಿಡದವ್ರ ಅರಿವಿ ಒಂದು ತುಂಡು ಬೇಕು" ಎಂದು ಹಟ ಹಿಡಿದಳು. ನಾನು ಮನೆಗೆ ಹೋಗಿ ಹಳೆಯ ಖಾಕಿ ಅಂಗಿಯ ಕಿಸೆಯ ಮುಚ್ಚಳ ಕತ್ತರಿಸಿ ತಂದುಕೊಟ್ಟೆ. ಮೊದಲಿನ ಕಾಜ ಹರಿದಾಗ ನನ್ನ ಹೆಂಡತಿ ಅದರ ಪಕ್ಕಕ್ಕೆ ಇನ್ನೊಂದು ಮಾಡಿಕೊಟ್ಟಿದ್ದಳು. ಒಂದು ಗುಂಡಿಗೆ ಎರಡು ಕಾಜ. ಅವಳು ಹೋಗಿ ನಾಲ್ಕು ವರ್ಷವಾಯಿತು, ಆ ಅಂಗಿ ಬಿಸಾಡಲು ಮನಸ್ಸು ಬಂದಿರಲಿಲ್ಲ.

ಅಜ್ಜಿ ಅದನ್ನು ಬಾಯಿಗೆ ಇಟ್ಟಳು. ಅಂಬರೀಷ ಮೊಬೈಲಿನಲ್ಲಿ ಕೌದಿಯ ಫೋಟೋ ಹೊಡೆದುಕೊಂಡು, "ತಂಗಿ ಬಂದ ಮ್ಯಾಲೆ ತೋರಸ್ತೇನಿ" ಎಂದ. ಅಜ್ಜಿ ಕೌದಿ ಮಡಚಿ ಟ್ರಂಕಿಗೆ ಹಾಕಿ ಕೀಲಿ ತಿರುವಿದಳು. ಅಂದು, ಶನಿವಾರ ಬೆಳಿಗ್ಗೆ, ನನ್ನ ಎದುರಿಗೇ ಮತ್ತೆ ತೆಗೆದದ್ದು.

ಈಗಲೂ ಖಾಕಿ ತುಂಡು ಬಾಯಲ್ಲೇ ಇತ್ತು.

"ತಮ್ಮಾ," ಅಜ್ಜಿ ನನ್ನ ಮೊಣಕೈ ಹಿಡಿದಳು. "ಕತಿ ಗಿತಿ ನನಗ ಬ್ಯಾಡ. ಅಕಿ ಅದಾಳೋ ಇಲ್ಲೋ, ಅಷ್ಟ ತಿಳ್ಕೊಂಡು ಬಾ."

ಮೂವತ್ತಾರು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆಗೆ "ಸಿಗ್ತಾಳ ಬಿಡವ್ವ" ಎಂದು ನೂರು ಸಲ ಹೇಳಿರಬಹುದು. ಅಂದು ಹೇಳಲಿಲ್ಲ, ಚಪ್ಪಲಿ ಮೆಟ್ಟಿ ಹೊರಟೆ.

*

ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಹಳೇ ಹುಬ್ಬಳ್ಳಿಯ ಓಣಿಯೊಳಗೆ ನಡೆದೆ. ತ್ರ್ಯಂಬಕನ ಪ್ರೆಸ್ಸು ಒಂದು ಅವಲಕ್ಕಿ ಅಂಗಡಿಯ ಹಿಂದಿದೆ. 'ಸಿಡಿಲವ್ವ'ದ ಪ್ರಕಾಶಕ, ಮುದ್ರಕ, ಮಾರಾಟಗಾರ ಎಲ್ಲ ಅವನೇ. ನನ್ನನ್ನು ಕಂಡವನೇ ಖುರ್ಚಿ ಒರೆಸಿದ.

"ಬರ್ರಿ ಹವಾಲ್ದಾರ್ರ. ನೋಡ್ರಿ, ಮುಂಜಾನೆ ಸಪ್ತಾಪುರಕ್ಕ ಕಳಿಸಿದ್ದೆಲ್ಲಾ ಖಾಲಿ ಆಗ್ಯಾವ. ಅಕಿ ಎಲ್ಲಿದ್ರೂ ಕೆಲಸ ಬಿಟ್ಟಿಲ್ಲ ನೋಡ್ರಿ."

"ಅಕಿ ಎಲ್ಲದಾಳ ಅಂತ ನಿಮಗ ಚಿಂತಿ ಇಲ್ಲೇನು?"

"ಅಯ್ಯ, ಹಂಗ ಅನಬ್ಯಾಡ್ರಿ. ನನ್ನ ಮಗಳ ವಯಸ್ಸಿನಾಕಿ." ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ಆದ್ರ ಸೋಮವಾರ ಮುಂಬೈದವ್ರು ಬರ್ತಾರ. ಸಿಡಿಲವ್ವನ್ನ ಸಿನೆಮಾ ಮಾಡ್ತಾರಂತ. ಒಂದು ವಾರ ತಪ್ಪಿದ್ರ ಮಾತು ಮುರೀತದ. ಅದಕ್ಕ ಪುಟ ಬಂದದ್ದು ನೋಡಿ ಜೀವ ಬಂತು ಅಂದೆ."

"ಅಕಿ ಒಪ್ಪಿದ್ಳೇನು?"

"ಒಪ್ಪಿರಲಿಲ್ಲ. ನೂರಕ್ಕ ಮುಗಸ್ತೇನಿ ಅಂತಿದ್ಳು. ಸಹಿ ಅಕೀದ ಬೇಕು. ಅಂಬರೀಷ ಅವ್ರು, ನಾ ಒಪ್ಪಿಸ್ತೇನಿ ಅಂದಾರ."

ಅಣ್ಣನಾದವನು ತಂಗಿಗೆ ಬುದ್ಧಿ ಹೇಳುವುದು ಹೊಸದೇನಲ್ಲ. ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಬಿಡಬಾರದಿತ್ತು, ಅದನ್ನು ಮುಂದೆ ಹೇಳುತ್ತೇನೆ.

"ಮೂಲ ಪುಟ ತೋರಿಸ್ರಿ."

ತ್ರ್ಯಂಬಕ ಎಂಟು ದಪ್ಪ ಹಾಳೆಗಳನ್ನು ಮೇಜಿನ ಮೇಲೆ ಹರವಿದ. ಮೊದಲ ಏಳನ್ನು ನೋಡಿದೆ. ಮೋಡದ ಗೆರೆ, ಜಡೆಯ ಗೆರೆ, ಹಗ್ಗದ ಗೆರೆ, ಯಾವುದನ್ನೂ ಅವಳು ಪೂರ್ತಿ ಮುಚ್ಚುವುದಿಲ್ಲ. ತುದಿಯಲ್ಲಿ ಬಿಟ್ಟುಬಿಡುತ್ತಾಳೆ, ಗಾಳಿ ಆಡುತ್ತದೆ. ಎಂಟನೆಯದರಲ್ಲಿ ಎಲ್ಲ ಬಂದ್. ಪ್ರತಿ ಮೋಡಕ್ಕೂ ಸುತ್ತ ಬೇಲಿ. ಗೆರೆ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು, ಕೂಡಿದ ಜಾಗದಲ್ಲಿ ಒಂದು ಸಣ್ಣ ಚುಕ್ಕೆ ಒತ್ತಿ ನಿಂತಿತ್ತು.

ಆ ಚುಕ್ಕೆಯನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಹೊಳೆಯಲೊಲ್ಲದು.

"ಈ ಎಂಟನೇದು ನನ್ನ ಹತ್ರ ಇರ್ಲಿ," ಎಂದು ಹಾಳೆಯನ್ನು ರಟ್ಟಿನ ನಡುವೆ ಇಟ್ಟುಕೊಂಡು ಹೊರಬಿದ್ದೆ.

ಓಣಿಯ ತಿರುವಿನಲ್ಲಿ ಬೆಲ್ಲದ ಅಂಗಡಿಯ ಬೋರ್ಡು ಕಂಡಿತು. ಕೈಯಿಂದ ಬರೆದ ಹಳೆಯ ಬೋರ್ಡು. ಪ್ರತಿ ಅಕ್ಷರದ ಸುತ್ತ ಕಪ್ಪು ಗೆರೆ, ಗೆರೆ ಕೂಡುವಲ್ಲಿ ಒಂದು ಚುಕ್ಕೆ. ನಮ್ಮ ಠಾಣೆಯ ಬೋರ್ಡೂ ಹೀಗೇ ಇತ್ತು. ಅದನ್ನು ಬರೆಯುವಾಗ ಏಣಿ ಹಿಡಿದು ನಿಂತವನು ನಾನೇ.

ಖಾದರಬಾಷಾ.

'ಸಿಡಿಲವ್ವ'ದ ಮಾತುಗಳನ್ನೆಲ್ಲ ಕೈಯಿಂದ ಬರೆಯುವವನು ಅವನೇ. ಊರಿನ ಬೋರ್ಡುಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಸ್ನೇಹಲ್ ಅವನನ್ನು ಹುಡುಕಿಕೊಂಡು ಬಂದು, "ಚಾಚಾ, ನನ್ನ ಸಿಡಿಲವ್ವ ನಿಮ್ಮ ಅಕ್ಷರದಾಗ ಮಾತಾಡ್ಬೇಕು" ಎಂದಿದ್ದಳಂತೆ. ಆ ಮಾತನ್ನು ಅವನು ನನಗೇ ಮೂರು ಸಲ ಹೇಳಿದ್ದ, ಗುರುವಾರ ಸಂಜೆ. ಹೇಳುತ್ತ ಅತ್ತಿದ್ದ. ಆ ಅಳು ನೋಡಿ ನಾನು ಅವನನ್ನು ಅನುಮಾನದ ಪಟ್ಟಿಯಿಂದ ಹೊಡೆದುಹಾಕಿದ್ದೆ.

*

"ಇದನ್ನ ಯಾರ ತಗದಾರ, ಖಾದರಭಾಯ್?"

ಮಧ್ಯಾಹ್ನ ಮೂರೂವರೆ. ಖಾದರಬಾಷಾನ ಮನೆ ಒಂದೇ ಕೋಣೆ, ಮೂಲೆಯಲ್ಲಿ ಬಣ್ಣದ ಡಬ್ಬಿಗಳು, ಟರ್ಪೆಂಟೈನ್ ವಾಸನೆ. ಅವನು ಎಂಟನೇ ಪುಟದ ಕಡೆ ಕಣ್ಣು ಹಾಯಿಸಿದ, ಕೈ ಹಚ್ಚಲಿಲ್ಲ.

"ಸ್ನೇಹಲ್ ಬೇಟಿ. ಮತ್ಯಾರ್ರಿ?"

"ಹೌದಾ. ನಿಮ್ಮ ಕೆಲಸ ಅಕ್ಷರ ಅಷ್ಟ?"

"ಅಷ್ಟರಿ."

"ಛಲೋ. ಒಂದ ಮೋಡ ತಗದು ತೋರಿಸ್ರಿ."

"ಏನ್ರಿ ಇದು, ಸಾಲಿ ಹುಡುಗರ ಪರೀಕ್ಷಾ?"

"ಮೋಡ ತಗೀರಿ."

ನಾನು ದನಿ ಏರಿಸಲಿಲ್ಲ. ಏರಿಸದಿದ್ದಾಗಲೇ ಜನ ಹೆಚ್ಚು ಹೆದರುತ್ತಾರೆ ಎಂದು ನೌಕರಿ ಕಲಿಸಿದೆ. ಅವನು ಹಳೆಯ ಪೇಪರಿನ ಮೇಲೆ ಕುಂಚ ಹಚ್ಚಿದ. ಗೆರೆ ಎಡದಿಂದ ಎದ್ದು, ನಾಲ್ಕು ಡುಬ್ಬ ಹತ್ತಿ ಇಳಿದು, ಕೆಳಗಿಂದ ತಿರುಗಿ ಹೊರಟಲ್ಲಿಗೆ ಬಂತು. ಮುಟ್ಟುವ ಮೊದಲು ಕೈ ತಡೆಯಿತು. ಅವನಿಗೆ ಗೊತ್ತಾಗಿತ್ತು. ಗೊತ್ತಾದರೂ ಕೈ ಕೇಳಲಿಲ್ಲ, ಹೋಗಿ ಕೂಡಿಕೊಂಡಿತು. ಕೂಡಿದ ಜಾಗದಲ್ಲಿ ಕುಂಚದ ತುದಿ ಚುಕ್ಕೆ ಒತ್ತಿತು.

ನಾನು ಎಂಟನೇ ಪುಟವನ್ನು ಆ ಮೋಡದ ಪಕ್ಕಕ್ಕೆ ಸರಿಸಿದೆ.

ಖಾದರಬಾಷಾ ಕುಂಚ ಕೆಳಗಿಟ್ಟ. ಎರಡೂ ಕೈಯನ್ನು ತೊಡೆಯ ಸಂದಿಯಲ್ಲಿ ಹುದುಗಿಸಿಕೊಂಡ.

"ಹುಡುಗಿ ಎಲ್ಲದಾಳ?"

"ಅಲ್ಲಾನ ಆಣಿ, ನನಗ ಗೊತ್ತಿಲ್ರಿ."

"ಪುಟ ನಿಮ್ಮ ಕೈಗೆ ಹ್ಯಾಂಗ ಬಂದ್ವು?"

"ಹೇಳಿದ್ರ ಅಕಿ ಕೈ ಹೋಗ್ತೈತ್ರಿ."

"ಹೇಳದಿದ್ರ ಅಕೀನ ಹೋಗ್ತಾಳ. ಒಂದ ವೇಳೆ ಇನ್ನೂ ಇದ್ರ."

ಆಡಬಾರದ ಮಾತು. ಆದರೆ ಅದು ಕೆಲಸ ಮಾಡಿತು. ಅವನು ಎದ್ದು, ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಒಂದು ದಪ್ಪ ಕಂದು ಕವರು ತೆಗೆದುಕೊಟ್ಟ. ಕೋಚಿಂಗ್ ಸೆಂಟರುಗಳಲ್ಲಿ ಉತ್ತರಪತ್ರಿಕೆ ತುಂಬಿಡುವಂಥ ಕವರು. ಸಪ್ತಾಪುರದಲ್ಲಿ ಹೆಜ್ಜೆಗೊಂದು ಕೋಚಿಂಗ್ ಸೆಂಟರು, ಇಂಥ ಕವರು ಮನೆಮನೆಯಲ್ಲಿ ಬಿದ್ದಿರುತ್ತದೆ.

ಒಳಗೆ ಕಂಪ್ಯೂಟರಿನಲ್ಲಿ ಅಚ್ಚುಮಾಡಿದ ಚೀಟಿ. 'ಎಂಟನೇ ಪುಟಕ್ಕೆ ಇಂಕು ಮಾಡು. ಎಲ್ಲಕ್ಕೂ ಅಕ್ಷರ ಬರೆ. ಶುಕ್ರವಾರ ಬೆಳಗಾಗುವುದರೊಳಗೆ ಪ್ರೆಸ್ಸಿನ ಬಾಗಿಲಿಗೆ ಹಾಕು. ಯಾರಿಗಾದರೂ ಹೇಳಿದರೆ ಅವಳ ಬಲಗೈ ನಿನಗೆ ತಲುಪುತ್ತದೆ.'

"ಗುರುವಾರ ಮುಂಜಾನೆ ಬಾಗಲಾ ತಗದ್ರ ಕೆಳಗ ಬಿದ್ದಿತ್ರಿ. ಏಳು ಪುಟ ಅಕೀನ ಇಂಕ್ ಮಾಡಿದ್ವು. ಎಂಟನೇದು ಬರೇ ಪೆನ್ಸಿಲ್. ಗೆರಿ ಅಕೀದ, ಅದು ನನಗ ಗೊತ್ತಾಗೂದಿಲ್ಲೇನ್ರಿ."

"ಆ ಗೆರಿ ಸೋಮವಾರಕ್ಕಿಂತ ಮೊದಲ ತಗದಿರಬಹುದಲ್ಲ? ಅಕಿ ಈಗ ಅದಾಳ ಅಂತ ಏನ್ ಸಾಕ್ಷಿ?"

ಖಾದರಬಾಷಾ ನನ್ನನ್ನೇ ನೋಡಿದ. ಅವನು ಈ ಎರಡು ದಿನ ಇದನ್ನು ಯೋಚಿಸಿರಲಿಲ್ಲ. ಪೆನ್ಸಿಲ್ ಗೆರೆ ಕಂಡದ್ದೇ ಅವಳು ಜೀವಂತ ಎಂದು ನಂಬಿ, ಅವಳ ಕೈ ಉಳಿಸಲು ರಾತ್ರಿಯೆಲ್ಲ ಕೂತು ಬರೆದಿದ್ದ.

"ಇಲ್ಲೆ ನೋಡ್ರಿ," ನಾನು ಕೌದಿಯ ನಡುವೆ ಬೆರಳಿಟ್ಟೆ. "ಇದನ್ನ ಯಾಕ ಮುಚ್ಚೀರಿ?"

"ಮುಚ್ಚೇನೇನು?" ಅವನು ಬಗ್ಗಿದ. "ಯಾ ಅಲ್ಲಾ. ಎರಡ ವರ್ಷಾತ್ರಿ ಅಕಿಗೆ ಹೇಳಾಕತ್ತೇನಿ, ಬೇಟಿ, ಇಲ್ಲೆ ಗೆರಿ ಬಿಟ್ಟೀದಿ, ಬಣ್ಣಾ ಹೊರಗ ಹರೀತೈತಿ ಅಂತ. ಸುಮ್ನ ನಗತಿದ್ಳು. ನಾವು ಬೋರ್ಡ್ ಬರಿಯೂ ಮಂದಿರಿ. ಮೊದ್ಲ ಗೆರಿ ಮುಚ್ಚೂದು, ಆಮ್ಯಾಲೆ ಬಣ್ಣಾ. ಕೈ ತಾನ ಮುಚ್ಚಿಬಿಟ್ಟೈತಿ."

"ಮುಚ್ಚೂಮುಂದ ಒಳಗ ಏನರ ಇತ್ತೇನು?"

ಅವನು ಹಾಳೆಯನ್ನು ಕಣ್ಣ ಹತ್ತಿರ ತಂದುಕೊಂಡ.

"ಏನೋ ಸಣ್ಣದಾಗಿ ಗೀಚಿದ್ಳ್ರಿ. ಕೈ ನಡುಗಿ ಬಿದ್ದ ಗೆರಿ ಅಂತ ತಿಳದೆ. ಇಂಕ್ ಆದ ಮ್ಯಾಲೆ ಪೆನ್ಸಿಲ್ ಎಲ್ಲಾ ಒರಸ್ತೇವಲ್ರಿ, ಹಂಗ ರಬ್ಬರ್ ಹಚ್ಚೇನಿ."

ನನಗೆ ಬಂದ ಸಿಟ್ಟಿಗೆ ಆ ಬಣ್ಣದ ಡಬ್ಬಿಗಳನ್ನೆಲ್ಲ ಒದೆಯಬೇಕೆನಿಸಿತು. ಎಲ್ಲೋ ಕೂಡಿಹಾಕಿದ ಹುಡುಗಿ, ಅವಳ ಕೈಗೆ ಸಿಕ್ಕ ಒಂದೇ ಒಂದು ಕಿಟಕಿ ಅದು. ಅದರಲ್ಲಿ ಏನೋ ಇಟ್ಟು ಕಳಿಸಿದ್ದಾಳೆ. ಈ ಪುಣ್ಯಾತ್ಮ ಅದನ್ನು ಚೊಕ್ಕ ಮಾಡಿ ಕೂತಿದ್ದಾನೆ.

ನಾನು ಮೊಬೈಲ್ ತೆಗೆದು ಅಂಬರೀಷನಿಗೆ ಹಚ್ಚಿದೆ. ಕೆಲಸ ಕೊಟ್ಟವನಿಗೆ ವರದಿ ಒಪ್ಪಿಸುವುದು ನನ್ನ ಹಳೆಯ ರೂಢಿ.

"ಸರ್, ಎಂಟನೇ ಪುಟ ಇಂಕ್ ಮಾಡಿದವ್ರು ಸಿಕ್ಕಾರ. ಖಾದರಬಾಷಾ. ಹೆದರಿಸಿ ಮಾಡಿಸ್ಯಾರ, ಅವ್ರ ತಪ್ಪಲ್ಲ. ಆದ್ರ ಬಾಯಾಗ ಸ್ನೇಹಲ್ ಏನೋ ತಗದಿದ್ಳು, ಅಳಿಸಿ ಹೋಗೇತಿ. ಅದನ್ನ ಎಬ್ಬಸಾಕ ನೋಡಾಕತ್ತೇನಿ."

"ಛಲೋ ಆತ್ರಿ," ಎಂದ ಅಂಬರೀಷ. "ನೀವ ಅಲ್ಲೇ ಇರ್ರಿ. ಎಲ್ಲೂ ಹೋಗಬ್ಯಾಡ್ರಿ. ನಾ ಬರ್ತೇನಿ."

ಫೋನು ಇಟ್ಟೆ. ಅಷ್ಟರಲ್ಲಿ ಖಾದರಬಾಷಾ ಎದ್ದು ಕಿಟಕಿಯ ಒಂದು ಬಾಗಿಲನ್ನು ಮುಚ್ಚಿ, ಇನ್ನೊಂದನ್ನು ನಾಲ್ಕು ಬೆರಳಷ್ಟು ತೆರೆದಿದ್ದ. ಸೀಸದ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ಅರಳೆಯ ಉಂಡೆಗೆ ಹಚ್ಚಿಕೊಂಡ.

"ಹಳೇ ಬೋರ್ಡಿನ ಅಳಿಸಿದ ಅಕ್ಷರ ಹಿಂಗ ಎಬ್ಬಸ್ತೇವ್ರಿ. ಗೆರಿ ಹೋದ್ರೂ ಒತ್ತು ಉಳಿದಿರ್ತೈತಿ. ಕಾಗದದಾಗೂ ಬರಬೇಕು."

ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕೌದಿಯ ಬಾಯಿಯ ಮೇಲೆ ಅರಳೆಯನ್ನು ಸವರಿದಂತೆ ಆಡಿಸಿದ. ಬೂದು ಬಣ್ಣ ಹರಡಿತು. ಅದರ ನಡುವೆ ಬಿಳಿ ಗೆರೆಗಳು ಒಂದೊಂದಾಗಿ ಉಳಿದವು.

ಮೊದಲು ಒಂದು ಪಟ್ಟಿ. ಪಟ್ಟಿಯ ಕೆಳಗೆ ಮೂಲೆ ಚೂಪಾಗಿ ಇಳಿದಿತ್ತು.

"ಏನ್ರಿ ಇದು? ಬಾಣಾ?"

"ಇನ್ನಷ್ಟ ಹಚ್ಚ್ರಿ."

ಚೂಪಿನ ಮೇಲೆ ಒಂದು ಸಣ್ಣ ಸೀಳು. ಅದರ ಪಕ್ಕ ಇನ್ನೊಂದು. ಒಂದು ಹರಿದದ್ದು, ಇನ್ನೊಂದು ಸುತ್ತ ದಾರ ಹಾಕಿ ಹೊಲಿದದ್ದು.

ನನ್ನ ಹೆಂಡತಿ ಮಾಡಿದ ಕಾಜ ಅದು. ಸಾವಿರ ಕಾಜದ ನಡುವೆ ಇಟ್ಟರೂ ಗುರುತಿಸುತ್ತೇನೆ.

"ಅದಾಳ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು. "ಖಾದರಭಾಯ್, ಅಕಿ ಅದಾಳ. ಬುಧವಾರ ಸಂಜಿ ತನಕ ಈ ತುಂಡು ನನ್ನ ಅಂಗ್ಯಾಗಿತ್ತು. ಅಂದಮ್ಯಾಲ ಈ ಪುಟ ಅಕಿ ಬುಧವಾರ ರಾತ್ರಿನ ತಗದಾಳ."

ಖಾದರಬಾಷಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಬೆರಳಿನ ಸೀಸದ ಪುಡಿ ಗಡ್ಡಕ್ಕೆಲ್ಲ ಮೆತ್ತಿತು. ನನಗೂ ಕಣ್ಣು ಮಂಜಾಗಿತ್ತು, ನಾಚಿಕೆಯೇನಿಲ್ಲ. ಅಜ್ಜಿಗೆ ಕೊಡಲು ನನ್ನ ಬಳಿ ಈಗ ಒಂದು ಉತ್ತರವಿತ್ತು.

"ಆದ್ರ ಹವಾಲ್ದಾರ್ರ," ಖಾದರಬಾಷಾ ಮೆಲ್ಲಗೆ ಕೇಳಿದ, "ಕೂಡಿಹಾಕಿದ ಜಾಗದಾಗ ಅಕಿಗೆ ನಿಮ್ಮ ಅಂಗಿ ತುಂಡು ತೋರಿಸಿದವ್ರ್ಯಾರು?"

ಆ ಸಂತೋಷ ಅಷ್ಟಕ್ಕೇ ನಿಂತಿತು.

ಬುಧವಾರ ಆ ತುಂಡು ಬಾಯಿಗೆ ಹೋಗುವಾಗ ಕೋಣೆಯಲ್ಲಿದ್ದವರು ಮೂವರು. ಆಮೇಲೆ ಟ್ರಂಕಿಗೆ ಕೀಲಿ. ಅಜ್ಜಿ ಮನೆ ಬಿಟ್ಟು ಹೋಗಿಲ್ಲ. ನಾನು ತೋರಿಸಿಲ್ಲ. ಫೋಟೋ ಹೊಡೆದುಕೊಂಡವನು ಒಬ್ಬನೇ. ತಂಗಿಗೆ ತೋರಿಸುತ್ತೇನೆ ಎಂದಿದ್ದ, ಅದೇ ರಾತ್ರಿ ತೋರಿಸಿದ್ದಾನೆ. ಕೌದಿ ನೋಡದೆ ಕೊನೆಯ ಪುಟ ಬರೆಯುವುದಿಲ್ಲ ಎಂದು ಅವಳು ಹಟ ಮಾಡಿರಬೇಕು. ಯಾರ ಮೊಬೈಲಿನಲ್ಲಿ ನೋಡಿದಳು ಎಂಬುದನ್ನೇ ಅವಳು ಬರೆದು ಕಳಿಸಿದ್ದಳು.

ಉತ್ತರಪತ್ರಿಕೆಯ ಕವರು. ಸಿನೆಮಾದ ಸಹಿಗೆ ನಾ ಒಪ್ಪಿಸ್ತೇನಿ ಎಂದ ಮಾತು. ಈಗ ಫೋನಿನಲ್ಲಿ, ಯಾವ ಬಾಯಿ, ಏನು ಅಳಿಸಿದರು ಎಂದು ಒಂದು ಪ್ರಶ್ನೆಯನ್ನೂ ಅವನು ಕೇಳಿರಲಿಲ್ಲ.

ನನ್ನನ್ನು ಯಾಕೆ ಹುಡುಕಿ ತಂದ ಎಂಬುದೂ ಹೊಳೆಯಿತು. ಯಾರನ್ನಾದರೂ ಹಚ್ಚು ಎಂದು ಅಜ್ಜಿ ಬೆನ್ನು ಹತ್ತಿದ್ದಳು. ಇವನು ಮೊಣಕಾಲು ನೋವಿನ, ಕಾಮಿಕ್ಸ್ ಎಂದರೆ ನಗುವ ಮುದುಕನೊಬ್ಬನನ್ನು ಆರಿಸಿಕೊಂಡ. ಆ ಮುದುಕ ಅವನ ನಿರೀಕ್ಷೆಯನ್ನು ಸುಳ್ಳು ಮಾಡಲಿಲ್ಲ. ಇದ್ದದ್ದೆಲ್ಲ ಅವನಿಗೇ ಫೋನು ಮಾಡಿ ಒಪ್ಪಿಸಿದ್ದ.

ಅವನು ಬರುವುದು ಇಲ್ಲಿಗಲ್ಲ. ಈ ಹಾಳೆ ಬರಿಯ ಗೆರೆ. ಅದರ ಜೋಡಿ ತುಂಡು ಅಜ್ಜಿಯ ಕೌದಿಯಲ್ಲಿದೆ. ಅದು ಇಲ್ಲವಾದರೆ ನನ್ನ ಮಾತನ್ನು ಯಾವ ಠಾಣೆಯವರೂ ನಂಬುವುದಿಲ್ಲ.

ಅಜ್ಜಿಯ ಹತ್ತಿರ ಫೋನಿಲ್ಲ. ಪಕ್ಕದ ಮನೆಯ ಹಾಜರಾಬಿಯ ನಂಬರಿಗೆ ಹಚ್ಚಿದೆ. ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ಎತ್ತಿದಳು.

"ಹಾಜರಾಬಿ, ಮೈಲಾರಲಿಂಗಪ್ಪ. ಲಗೂನ ಅಜ್ಜಿ ಮನಿಗೆ ಹೋಗು. ಯಾರಿಗೂ ಬಾಗಲಾ ತಗೀಬ್ಯಾಡಂತ ಹೇಳು. ಅಂಬರೀಷ ಬಂದ್ರೂ ತಗೀಬಾರ್ದು."

"ಈಗರ ಹೋದ್ರಲ್ರಿ ಕಾಕಾ. ಅಂಬರೀಷ್ ಸರ್ ಬಂದಿದ್ರು. ನೀವ ಕೌದಿ ತರಾಕ ಹೇಳೀರಂತ. ಕೌದಿ ನನ್ನ ಕೈ ಬಿಟ್ಟು ಹೋಗಂಗಿಲ್ಲ ಅಂದ್ಳು ಅಜ್ಜಿ. ಅದಕ್ಕ ಅಕಿನ್ನೂ ಕಾರಿನಾಗ ಕೂಡಿಸ್ಕೊಂಡು ಹೋದ್ರು."

"ಹುಬ್ಬಳ್ಳಿ ಕಡೆನಾ?"

"ಅಲ್ರಿ. ಕೆಲಗೇರಿ ಕಡೆ ತಿರಗಿದ್ರು."

ಅದು ಹುಬ್ಬಳ್ಳಿಗೆ ವಿರುದ್ಧ ದಿಕ್ಕು. ನಾನು ಎಂಟನೇ ಪುಟವನ್ನು ರಟ್ಟಿನ ನಡುವೆ ಸೇರಿಸಿಕೊಂಡೆ.

"ಕಾಕಾ, ಹೋಗೂ ಮುಂದ ಅಜ್ಜಿ ಚಪ್ಲಿ ಹುಡಕ್ತೇನಿ ಅಂತ ಒಳಗ ಹೋಗಿ ನನ್ನ ಕರದಿದ್ಳ್ರಿ," ಹಾಜರಾಬಿ ದನಿ ತಗ್ಗಿಸಿದಳು. "ಹವಾಲ್ದಾರ ಕೌದಿ ಬೇಕಾಗಿದ್ರ ತಾನ ಬರ್ತಿದ್ದ, ಮಂದೀನ ಕಳಸ್ತಿರಲಿಲ್ಲ ಅಂದ್ಳು. ಕೌದ್ಯಾಗಿಂದ ಒಂದು ಖಾಕಿ ಅರಿವಿ ತಗದು ನನ್ನ ಕೈಯಾಗ ಕೊಟ್ಟಾಳ. ನಿಮಗ ಮುಟ್ಟಸಬೇಕಂತ. ಅದರ ಜಾಗಾಕ್ಕ ಒಂದು ಚೂರು ರೊಟ್ಟಿ ಇಟ್ಲು."

ಹೊದ್ದವರು ಹಸಿದು ಮಲಗಬಾರದು. ಅಜ್ಜಿಗೆ ಗೊತ್ತಾಗಿತ್ತು. ನನಗಿಂತ ಮೊದಲೇ ಗೊತ್ತಾಗಿತ್ತು. ಗೊತ್ತಿದ್ದೇ ಆ ಕಾರು ಹತ್ತಿದ್ದಳು.

"ಬಾಯಿ ಹೊಲದಾಳೇನು?" ಎಂದು ಕೇಳಿದೆ.

"ಇಲ್ರಿ. ಸೂಜಿ ದಾರ ಸೆರಗಿಗೆ ಸಿಗಿಸ್ಕೊಂಡು ಹೋಗ್ಯಾಳ. ಮೊಮ್ಮಗಳ ಮುಂದ ಕುಂತು ಹೊಲೀತೇನಿ ಅಂದ್ಳು."